ಪ್ರಶ್ನೆ ಕೇಳಬಾರದ ಇಪ್ಪತ್ತೊಂದು ದಿನ

ನಮ್ಮನೆಯವರ ಕೈಗೆ ನೋಟಿಸ್ ಬಂದದ್ದು ಒಂದು ಮಂಗಳವಾರ. ಮನೆಗೆ ಬಂದವರು ಟೋಪಿಯನ್ನು ಗೂಟಕ್ಕೆ ಹಾಕದೆ ಟಿ.ವಿ. ಮೇಲೆ ಇಟ್ಟರು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಟೋಪಿ ಗೂಟ ಬಿಟ್ಟು ಬೇರೆ ಕಡೆ ಕೂತಿದ್ದು ಅದೇ ಮೊದಲು. ಏನಾಯ್ತು ಅಂತ ಕೇಳಲು ಬಾಯಿ ತೆರೆದಿದ್ದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಜೇಬಿನಿಂದ ಹಳದಿ ಕಾಗದ ತೆಗೆದು ತೋರಿಸಿದರು. ಹಳದಿ ಕಾಗದ ಎಂದರೆ ಏನು ಅಂತ ನಮ್ಮೂರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನಾನು ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದೆ, ಡಬ್ಬಿಯಿಂದ ಒಂದು ಹುಣಸೆ ಬೀಜ ತೆಗೆದು ನಾಲಿಗೆಯ ಕೆಳಗೆ ಇಟ್ಟುಕೊಂಡೆ.

ಪೊಲೀಸಿನವರ ಮೇಲೆ ಇಲಾಖೆಯ ವಿಚಾರಣೆ ಶುರುವಾದರೆ ನಮ್ಮೂರಲ್ಲಿ ಇಪ್ಪತ್ತೊಂದು ದಿನ ಅವರನ್ನು ಯಾರೂ ಏನೂ ಕೇಳುವಂತಿಲ್ಲ. ಕೊನೆಯ ದಿನ ಮೇಲಿನಿಂದ ಬರುವ ಅಧಿಕಾರಿ ಒಬ್ಬರೇ ಕೇಳಬೇಕು. ಅದೂ ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದಿಟ್ಟು, ಬೆನ್ನು ಆನಿಸುವ ಕುರ್ಚಿ ಹಾಕಿಸಿ, ಮೊದಲು ಕುಡಿಯಲು ನೀರು ಕೊಟ್ಟು, ಒಂದು ಪ್ರಶ್ನೆಗೆ ಉತ್ತರ ಮುಗಿದ ಮೇಲೆ ಇನ್ನೊಂದು. ಪ್ರಶ್ನೆಗಳ ಪಟ್ಟಿ ಮೂರು ದಿನ ಮುಂಚೆ ಅವರ ಕೈಸೇರಬೇಕು. ನಡುವೆ ಬೇರೆ ಯಾರಾದರೂ ಏನಾದರೂ ಕೇಳಿಬಿಟ್ಟರೆ ಠಾಣೆಯ ಮುಂದಿನ ಕಂಚಿನ ಗಂಟೆ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಅದಕ್ಕೆ ಹಗ್ಗವಿಲ್ಲ, ಒಳಗೆ ನಾಲಿಗೆಯೂ ಇಲ್ಲ. ಆದರೂ ಊರ ಕೊನೆಯ ಇಟ್ಟಿಗೆ ಗೂಡಿನವರೆಗೆ ಕೇಳಿಸುತ್ತದೆ. ಮೂರು ಸಲ ಹೊಡೆದರೆ ಮುಗಿಯಿತು. ಕಡತ ಮುಚ್ಚಿ, ಪೊಲೀಸಿನವರು ಡ್ಯೂಟಿಗೆ, ದೂರು ಕೊಟ್ಟವರು ತಮ್ಮ ಮನೆಗೆ.

ಹಾಗಾದರೆ ನಾಲ್ಕು ಜನ ನೆಂಟರನ್ನು ಕರೆಸಿ ಕೇಳಿಸಿಬಿಟ್ಟರೆ ಆಯ್ತಲ್ಲ ಎಂದು ಹೊರಗಿನವರಿಗೆ ಅನ್ನಿಸಬಹುದು. ಆ ಗಂಟೆ ಅಷ್ಟು ದಡ್ಡ ಅಲ್ಲ. ಉತ್ತರ ನಿಜವಾಗಿ ಬೇಕಾಗಿರುವವರು ಕೇಳಿದರೆ ಮಾತ್ರ ಅದು ಅಲುಗುವುದು. ಬಾಯಿಪಾಠದ ಪ್ರಶ್ನೆಗೆ ಮಿಸುಕಾಡುವುದಿಲ್ಲ. ಖಾಕಿ ಹಾಕಿದವರ ಪ್ರಶ್ನೆಗಂತೂ ಇಲ್ಲವೇ ಇಲ್ಲ. ಗಂಟೆ ಹೊಡೆಸಿದವರ ಹೆಸರನ್ನು ಠಾಣೆಯ ಕಪ್ಪು ಹಲಗೆಯ ಮೇಲೆ ಒಂದು ವರ್ಷ ಬರೆದಿಡುತ್ತಾರೆ. ಆ ಮರ್ಯಾದೆ ಯಾರಿಗೂ ಬೇಡ. ಹಾಗಾಗಿ ತೋಳಿಗೆ ಹಳದಿ ಪಟ್ಟಿ ಕಟ್ಟಿದ ಪೊಲೀಸಿನವರು ಎದುರಿಗೆ ಬಂದರೆ ಊರವರು ಹುಣಸೆ ಬೀಜ ಬಾಯಿಗೆ ಹಾಕಿಕೊಳ್ಳುತ್ತಾರೆ. ಬೀಜ ನಾಲಿಗೆಯ ಕೆಳಗಿದ್ದರೆ ಕೇಳುವ ಮುಂಚೆ ಒಂದು ಗಳಿಗೆ ತಡವಾಗುತ್ತದೆ, ಆ ಗಳಿಗೆಯಲ್ಲಿ ನೆನಪಾಗುತ್ತದೆ. ತರಕಾರಿಯವನು ತಕ್ಕಡಿಯ ಪಕ್ಕ ಒಂದು ಬಟ್ಟಲು ಬೀಜ ಇಟ್ಟಿರುತ್ತಾನೆ. ನಮ್ಮನೆಯವರು ಹೋದರೆ ಬಾಯಿ ಉಬ್ಬಿಸಿಕೊಂಡು, ಕೇಳದೆ, ಎಲ್ಲದರಲ್ಲೂ ಕಾಲು ಕೇಜಿ ತೂಗಿ ಚೀಲಕ್ಕೆ ಸುರಿಯುತ್ತಿದ್ದ. ಆ ಮೂರು ವಾರ ನಾನು ಬೇಯಿಸಿದಷ್ಟು ಸೋರೆಕಾಯಿಯನ್ನು ಜನ್ಮದಲ್ಲಿ ಬೇಯಿಸಿರಲಿಲ್ಲ.

ಈಗ ದೂರಿನ ವಿಷಯ. ಮೈಕ್ ಮಾರುತಿ ಅಂತ ಒಬ್ಬ ಇದ್ದ. ಇದ್ದ ಅನ್ನಬಾರದು, ಇದ್ದಾನೆ. ಆಟೋದ ತಲೆಗೆ ಎರಡು ಹಾರ್ನು ಕಟ್ಟಿಕೊಂಡು ಊರೆಲ್ಲ ಸುತ್ತಿ ಕೂಗುವುದು ಅವನ ಕಸುಬು. ನಾಳೆ ಬೆಳಿಗ್ಗೆ ಏಳಕ್ಕೆ ಮೂರನೇ ವಾರ್ಡಿಗೆ ನೀರು ಬರುತ್ತದೆ, ಸಂತೆ ಮೈದಾನದಲ್ಲಿ ಕಂದು ಬಣ್ಣದ ಹಸು ಸಿಕ್ಕಿದೆ, ಸೀರೆ ಅಂಗಡಿಯಲ್ಲಿ ಒಂದಕ್ಕೆ ಒಂದು ಉಚಿತ, ಎಲ್ಲವೂ ಅವನ ಬಾಯಲ್ಲೇ. ಹಸು ಸಿಕ್ಕಿದ್ದನ್ನು ಕೂಡ ಮದುವೆಗೆ ಕರೆಯುವ ಹಾಗೆ ಹೇಳುತ್ತಿದ್ದ. ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿಲ್ಲ, ತಾಯಿ ದ್ಯಾಮವ್ವ ಒಬ್ಬಳೇ. ಯಾರದೋ ಬ್ಯಾಟರಿ ಕಳುವಾಯಿತೆಂದು ಅವನನ್ನು ಠಾಣೆಗೆ ಕರೆದೊಯ್ದರು. ಮಧ್ಯಾಹ್ನ ಒಳಗೆ ಹೋದವನು ಸಂಜೆ ಹೊರಗೆ ಬಂದ. ಆವತ್ತಿನಿಂದ ಮಾತು ನಿಂತುಹೋಯಿತು. ಕೂತಲ್ಲಿ ಕೂರುತ್ತಾನೆ, ಕೊಟ್ಟದ್ದು ತಿನ್ನುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಬ್ಯಾಟರಿ ವಾರದ ಮೇಲೆ ಅದರ ಯಜಮಾನನ ಭಾಮೈದನ ಮನೆಯಲ್ಲೇ ಸಿಕ್ಕಿತು. ಆವತ್ತು ಠಾಣೆಯಲ್ಲಿ ಇದ್ದವರು ಇಬ್ಬರು. ಎಸ್ಸೈ ಜಯಕೀರ್ತಿ ಸಾಹೇಬರು, ಮತ್ತೆ ನಮ್ಮನೆಯವರು, ಮುಖ್ಯಪೇದೆ ತಿಪ್ಪೇರುದ್ರಪ್ಪ. ದ್ಯಾಮವ್ವ ಕೊಟ್ಟ ದೂರಿನಲ್ಲಿ ಹೆಸರು ಇದ್ದದ್ದು ನಮ್ಮನೆಯವರದು ಮಾತ್ರ.

ಅವರು ಹೊಡೆದರೋ ಇಲ್ಲವೋ. ನನಗೆ ಬೇಕಾಗಿದ್ದದ್ದು ಅಷ್ಟೇ. ಪಲ್ಯಕ್ಕೆ ಒಗ್ಗರಣೆ ಹಾಕುವಾಗಲೂ ಅದೇ, ಬಟ್ಟೆ ಒಣಗಿಸುವಾಗಲೂ ಅದೇ. ಮನೆಯಲ್ಲಿ ಇರುವೆ ಸಾಲನ್ನು ಕೂಡ ಕಾಗದದಿಂದ ತಳ್ಳಿ ಹೊರಗೆ ಬಿಡುವ ಮನುಷ್ಯ. ನಾನು ಕೇಳುವಂತಿಲ್ಲ, ಸರಿ. ಅವರೇ ಹೇಳಬಹುದಿತ್ತಲ್ಲ, ಹೇಳಲಿಲ್ಲ. ಕೇಳದೆ ಹೇಳಿದ ಮಾತಿಗೆ ಗಂಟೆಯ ತಕರಾರಿಲ್ಲ. ಕರೆಂಟು ಬಿಲ್ಲಿನ ವಿಷಯ ಹೇಳಿದರು, ಸೈಕಲ್ಲಿನ ಟ್ಯೂಬು ಹೋಗಿದೆ ಎಂದರು, ಅದೊಂದನ್ನು ಬಿಟ್ಟು ಎಲ್ಲ ಹೇಳಿದರು.

ಮೊದಲ ಗಂಟೆ ಹೊಡೆದದ್ದು ನಮ್ಮ ಮನೆಯಿಂದಲೇ. ನಮ್ಮತ್ತೆ ಹಾಲಮ್ಮನವರಿಗೆ ಎಂಬತ್ತು ದಾಟಿದೆ, ಮರೆವು. ಮೂರನೇ ದಿನ ಮಧ್ಯಾಹ್ನ ಮಗ ಒಳಗೆ ಬರುತ್ತಿದ್ದಂತೆ, “ಊಟ ಆಯ್ತೇನೋ ರುದ್ರಾ?” ಎಂದುಬಿಟ್ಟರು. ಠಾಣೆಯ ಕಡೆಯಿಂದ ಢಣ್ ಅಂತ ಬಂತು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

“ಅತ್ತೆ, ಬೀಜ ಎಲ್ಲಿ? ಬಾಯಲ್ಲಿ ಇಟ್ಕೊಳ್ರಿ ಅಂದಿದ್ನಲ್ಲ!”

“ಅದಾ? ನುಂಗ್ಬಿಟ್ಟೆ ಕಣೇ ಅನ್ಸೂಯಾ,” ಎಂದರು. ಹಲಗೆಯ ಮೇಲೆ ತಮ್ಮ ಹೆಸರು ಬಿದ್ದಿದೆ ಎಂದು ಗೊತ್ತಾದಾಗ ಅವರಿಗೆ ಬೇಸರವೇನೂ ಆಗಲಿಲ್ಲ. ಅಕ್ಷರ ದುಂಡಗೆ ಬರೆದಿದ್ದಾರಾ ಎಂದು ನನ್ನನ್ನು ವಿಚಾರಿಸಿದರು. ಆವತ್ತಿನಿಂದ ಇವರು ಮನೆಗೆ ಬರುವ ಹೊತ್ತಿಗೆ ಅತ್ತೆಯನ್ನು ಕೋಣೆಗೆ ಕಳಿಸಿ, ಎದುರಾಗದ ಹಾಗೆ ಬಾಗಿಲು ಎಳೆದಿಡುತ್ತಿದ್ದೆ.

ಎರಡನೆಯದು ದ್ಯಾಮವ್ವನದು. ನಮ್ಮ ವಸತಿಗೃಹದ ಎದುರಿಗೆ ಒಂದು ಮೋರಿ ಕಟ್ಟೆ ಇದೆ. ನೋಟಿಸ್ ಬಂದ ಮಾರನೇ ದಿನದಿಂದ ಆಯಮ್ಮ ಬೆಳಿಗ್ಗೆ ಬಂದು ಅಲ್ಲಿ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ನಮ್ಮ ಬಾಗಿಲನ್ನು ನೋಡುತ್ತಿದ್ದಳು. ಆರನೇ ದಿನ ನಮ್ಮನೆಯವರು ಠಾಣೆಯಲ್ಲಿ ಸಹಿ ಹಾಕಲು ಹೊರಟಾಗ ಎದ್ದು ಅಡ್ಡ ನಿಂತು, “ಯಾಕಪ್ಪಾ?” ಎಂದಳು. ಅಷ್ಟೇ. ಗಂಟೆ ಎಷ್ಟು ಜೋರಾಗಿ ಹೊಡೆಯಿತೆಂದರೆ ತಂತಿಯ ಮೇಲಿನ ಕಾಗೆಗಳೆಲ್ಲ ಎದ್ದವು. ಆಯಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದಳು. ತನ್ನ ಮಗನ ದೂರಿಗೆ ತಾನೇ ಕಲ್ಲು ಹಾಕಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡಳು. ಮಾರನೇ ದಿನದಿಂದ ಬಾಯಿಗೆ ಸೆರಗು ಸುತ್ತಿಕೊಂಡು ಬಂದಳು. ಇವರು ಹೊರಗೆ ಬರುವ ಹೊತ್ತಿಗೆ ಬಾಟಲಿಯಿಂದ ಒಂದು ಗುಟುಕು ನೀರು ಬಾಯಿಗೆ ಹಾಕಿಕೊಂಡು, ಇವರು ತಿರುವು ದಾಟುವ ತನಕ ನುಂಗದೆ ಕೂತಿರುತ್ತಿದ್ದಳು.

ಆಯಮ್ಮನನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಸುಳ್ಳು ಯಾಕೆ ಹೇಳಲಿ. ನನ್ನ ಗಂಡನ ಕೆಲಸ, ಈ ಮನೆ, ನಮ್ಮತ್ತೆಯ ಔಷಧಿ, ಎಲ್ಲ ಹೋಗಲಿ ಅಂತ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಾಳೆ ಅನ್ನಿಸುತ್ತಿತ್ತು. ಹನ್ನೊಂದನೇ ದಿನ ಬಿಸಿಲು ಜಾಸ್ತಿಯಾದಾಗ ತಡೆಯಲಾಗದೆ ಒಂದು ಲೋಟ ಮಜ್ಜಿಗೆ ಒಯ್ದು ಪಕ್ಕದಲ್ಲಿ ಇಟ್ಟುಬಂದೆ. ಹಿಂತಿರುಗಿ ನೋಡಲಿಲ್ಲ. ಸಂಜೆ ಲೋಟ ಹಾಗೇ ಇತ್ತು, ಮೇಲೆ ಒಂದು ಎಲೆ ಮುಚ್ಚಿದ್ದಳು.

ಗಂಟೆ ಎರಡು ಸಲ ಹೊಡೆದದ್ದೇ ತಡ, ಎಸ್ಸೈ ಸಾಹೇಬರಿಗೆ ಎಲ್ಲಿಲ್ಲದ ಹುರುಪು. ಹೋಟೆಲಿನ ಸಪ್ಲೈಯರನಿಗೆ ಹೇಳಿಕೊಟ್ಟು, “ರುದ್ರಣ್ಣ, ಮಸಾಲೆನೋ ಖಾಲಿನೋ?” ಎಂದು ಕೇಳಿಸಿದರು. ಗಂಟೆ ಸುಮ್ಮನಿತ್ತು. ಕ್ಷೌರದ ಅಂಗಡಿಯಲ್ಲಿ ಮೀಸೆಯ ಬಗ್ಗೆ ಕೇಳಿಸಿದರು. ಊಹೂಂ. ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಊರಿನವನೊಬ್ಬನನ್ನು ಹಿಡಿದು ಅಂಚೆ ಕಚೇರಿ ಎಲ್ಲಿ ಎಂದು ಕೇಳಲು ಕಳಿಸಿದರು. ಅವನಿಗೂ ಅಂಚೆ ಕಚೇರಿ ಬೇಕಾಗಿರಲಿಲ್ಲ. ಗಂಟೆಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದ ಸಾಹೇಬರ ತಲೆಯ ಮೇಲೆ ಪಾರಿವಾಳ ಮಾಡಬಾರದ್ದನ್ನು ಮಾಡಿತಂತೆ. ಊರು ಎರಡು ದಿನ ನಕ್ಕಿತು. ನನಗೆ ನಗು ಬರಲಿಲ್ಲ. ಮೂರನೇ ಗಂಟೆ ಅವರಿಗೆ ಇಷ್ಟೊಂದು ಯಾಕೆ ಬೇಕಾಗಿದೆ ಎಂದು ಯೋಚಿಸುತ್ತಿದ್ದೆ.

ಹದಿನೆಂಟನೇ ದಿನ ಪ್ರಶ್ನೆಗಳ ಪಟ್ಟಿ ಬಂತು. ಇವರು ಅದನ್ನು ಓದಿ ಮಡಚಿ ದೇವರ ಗೂಡಿನಲ್ಲಿ ಅರಿಶಿನದ ಭರಣಿಯ ಕೆಳಗೆ ಇಟ್ಟರು. ಅವರು ಬಚ್ಚಲಿಗೆ ಹೋದಾಗ ನಾನು ತೆಗೆದು ನೋಡಿದೆ. ಎರಡೇ ಪ್ರಶ್ನೆ. ಒಂದು, ಮಾರುತಿಗೆ ಹೊಡೆದವರು ನೀವೇನಾ? ಎರಡು, ಹೊಡೆಯಲು ಹೇಳಿದವರು ಯಾರು? ಸಾಹೇಬರಿಗೆ ಯಾಕೆ ನಿದ್ದೆ ಬರುತ್ತಿಲ್ಲ ಎಂದು ಆಗ ತಿಳಿಯಿತು.

ಇಪ್ಪತ್ತನೇ ದಿನ ಮಧ್ಯಾಹ್ನ ಸಾಹೇಬರೇ ನಮ್ಮ ಮನೆಗೆ ಬಂದರು. ನಮ್ಮನೆಯವರು ಸೈಕಲ್ ರಿಪೇರಿಗೆ ಹೋಗಿದ್ದರು. ಅದು ಗೊತ್ತಿದ್ದೇ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ನೀರು ಕೇಳಿ ಕುಡಿದರು.

“ನೋಡ್ರಮ್ಮ, ಊರಲ್ಲಿ ಯಾರು ಕೇಳಿದ್ರೂ ಅದು ಹೊಡ್ಕೊಳ್ತಿಲ್ಲ. ಇನ್ನು ನಿಜವಾಗಿ ಕೇಳೋರು ಅಂದ್ರೆ ಇಬ್ಬರೇ. ಕಟ್ಟೆ ಮೇಲಿನ ಆ ಮುದುಕಿ ಬಾಯಿ ಬಿಡಲ್ಲ. ಇನ್ನೊಬ್ಬರು ನೀವು.”

“ನಾನೇನ್ ಕೇಳ್ಲಿ ಸಾರ್?”

“ನಿಮ್ಮ ಮನಸ್ಸಲ್ಲಿ ಇರೋದನ್ನೇ ಕೇಳಿ. ಅವನು ಉತ್ತರ ಹೇಳ್ತಾನೋ ಬಿಡ್ತಾನೋ. ಗಂಟೆ ಹೊಡ್ಕೊಂಡ್ರೆ ಸಾಕು. ಇಲ್ಲಾಂದ್ರೆ ನಾಡಿದ್ದು ಈ ಮನೆ ಖಾಲಿ ಮಾಡ್ಬೇಕಾಗುತ್ತೆ. ಆ ಅಜ್ಜೀನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?” ಒಳಗಿನಿಂದ ನಮ್ಮತ್ತೆ, ಯಾರೇ ಬಂದಿರೋದು, ಕಾಫಿ ಮಾಡೇ ಎಂದು ಕೂಗಿದರು. ಸಾಹೇಬರು ಎದ್ದು, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು ಎಂದು ಕೈ ಮುಗಿದು ಹೋದರು. ಎಸ್ಸೈ ಆದವರು ಪೇದೆಯ ಹೆಂಡತಿಗೆ ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅವರು ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ತಿಂದುಹಾಕಿತು. ಒಂದು ಮಾತು ಕೇಳಿದರೆ ನನ್ನ ಎದೆಯ ಭಾರವೂ ಇಳಿಯುತ್ತದೆ, ಕೆಲಸವೂ ಉಳಿಯುತ್ತದೆ. ಹಲಗೆಯ ಮೇಲೆ ಅತ್ತೆಯ ಹೆಸರಿನ ಕೆಳಗೆ ಸೊಸೆಯ ಹೆಸರು, ಅಷ್ಟೇ ತಾನೇ. ಸಂಜೆ ಇವರು ಹಜಾರದಲ್ಲಿ ಕೂತು ಬೆಲ್ಟಿನ ಬಿಲ್ಲೆಗೆ ಬ್ರಾಸೋ ಹಚ್ಚಿ ಉಜ್ಜುತ್ತಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ಒಂದೇ ಕಡೆ ಎಷ್ಟು ಹೊತ್ತು ಉಜ್ಜಿದರೆಂದರೆ ಬಟ್ಟೆ ಕಪ್ಪಾಗಿತ್ತು.

“ಸಾಹೇಬ್ರು ಬಂದಿದ್ರಂತೆ,” ಎಂದರು.

“ಹೂಂ. ನೀರು ಕುಡಿದು ಹೋದ್ರು.”

ಆಮೇಲೆ ತಲೆ ಎತ್ತದೆಯೇ, “ನಿಂಗೆ ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಕೇಳು ಅನ್ಸೂಯ. ನಾನೇನೂ ಅಂದ್ಕೊಳ್ಳಲ್ಲ,” ಎಂದರು.

ನನ್ನ ಕೈ ಮೊರದಲ್ಲೇ ನಿಂತಿತು. ಬೀಜ ನಾಲಿಗೆಯ ಕೆಳಗೆ ಒತ್ತುತ್ತಿತ್ತು. ಅವರ ಬಗ್ಗಿದ ತಲೆ ಕಾಣಿಸುತ್ತಿತ್ತು, ನಡುನೆತ್ತಿಯಲ್ಲಿ ಕೂದಲು ತೆಳುವಾಗಿತ್ತು. ಹೊಡೆಯದವನು ನಾಳೆ ಆ ಕುರ್ಚಿಯಲ್ಲಿ ಕೂತು ಇಲ್ಲ ಎಂದು ಹೇಳಬಹುದಲ್ಲ, ಹೆಂಡತಿ ಕೇಳಲಿ ಅಂತ ಯಾಕೆ ಕಾಯಬೇಕು? ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಕೇಳಲು ಧೈರ್ಯ ಬರಲಿಲ್ಲ. ದ್ಯಾಮವ್ವನ ಮೇಲಿನ ಕರುಣೆಯಿಂದ ಬಾಯಿ ಬಿಗಿಹಿಡಿದೆ ಎಂದು ಹೇಳಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಹೆದರಿಕೆ, ಅಷ್ಟೇ. ಆದರೆ ಆ ಹೆದರಿಕೆಯ ಜೊತೆ ಇನ್ನೊಂದು ಯೋಚನೆಯೂ ಬಂತು. ನಾನು ಕೇಳಿದರೆ ಉತ್ತರ ಈ ಹಜಾರದಲ್ಲೇ ಉಳಿಯುತ್ತದೆ, ನಾಳೆ ಬೆಳಿಗ್ಗೆಯೂ ಆಯಮ್ಮ ಕಟ್ಟೆಯ ಮೇಲೆ ಕೂತಿರುತ್ತಾಳೆ, ನಾಡಿದ್ದೂ.

“ನಾ ಕೇಳಿದ್ರೆ ನಂಗೊಬ್ಬಳಿಗೇ ಗೊತ್ತಾಗುತ್ತೆ ಕಣ್ರಿ,” ಎಂದೆ. ಅವರು ಬೆಲ್ಟು ಬಿಟ್ಟು ಬೂಟಿಗೆ ಕೈ ಹಾಕಿದರು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಖಾಕಿ ಹಾಕಿ, ತೋಳಿಗೆ ಹಳದಿ ಪಟ್ಟಿ ಕಟ್ಟಿ ಹೊರಟರು. ದಿನಾ ಬಾಗಿಲಲ್ಲಿ ನಾನು ಕೇಳುವ ಮಾತೊಂದಿದೆ, ಎಷ್ಟೊತ್ತಿಗೆ ಬರ್ತೀರಿ ಅಂತ. ಮದುವೆಯಾದ ದಿನದಿಂದ, ಗಲಾಟೆ ಬಂದೋಬಸ್ತಿಗೆ ಹೋಗುವಾಗಲೂ ಕೇಳಿದ್ದೇನೆ. ಅದು ಬಾಯಿಪಾಠ ಅಲ್ಲ, ಪೊಲೀಸಿನವರ ಹೆಂಡತಿಗೆ ಅದರ ಉತ್ತರ ನಿಜಕ್ಕೂ ಬೇಕು. ಅದೊಂದು ಕೇಳಿದ್ದರೂ ಗಂಟೆ ಹೊಡೆಯುತ್ತಿತ್ತು. ಅವರು ಹೊಸ್ತಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತರು. ಬೂಟಿನ ಲೇಸು ನೋಡಿಕೊಂಡರು. ಟೋಪಿ ಸರಿ ಮಾಡಿಕೊಂಡರು. ಮತ್ತೆ ಲೇಸು. ಕಾಯುತ್ತಿದ್ದರು. ಬೇಡ, ಹೋಗಬೇಡಿ ಎಂದು ತೋಳು ಹಿಡಿದು ಎಳೆದುಕೊಳ್ಳಬೇಕು ಅನ್ನಿಸಿತು. ಬೀಜವನ್ನು ಹಲ್ಲಿನ ನಡುವೆ ಕಚ್ಚಿದೆ.

“ಹುಷಾರಾಗಿ ಹೋಗಿ ಬನ್ನಿ,” ಎಂದೆ.

ಅವರು ಹೋದರು. ಎದುರಿನ ಕಟ್ಟೆಯ ಮೇಲೆ ದ್ಯಾಮವ್ವ ಬಾಯಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಇವರು ತಿರುವು ದಾಟಿದ ಮೇಲೆ ನುಂಗಿ, ನನ್ನನ್ನು ನೋಡಿದಳು. ನಾನು ಬಾಗಿಲಿಗೆ ಚಿಲಕ ಹಾಕಿ ಚಪ್ಪಲಿ ಮೆಟ್ಟಿಕೊಂಡೆ. ಇಬ್ಬರೂ ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು ಒಂದೇ ದಾರಿಯಲ್ಲಿ ನಡೆದೆವು.

ವಿಚಾರಣೆ ಪುರಸಭೆಯ ಹಳೇ ಸಭಾಂಗಣದಲ್ಲಿ. ನಿಯಮದ ಪ್ರಕಾರ ಕಿಟಕಿಗಳೆಲ್ಲ ತೆರೆದಿದ್ದವು. ಹೊರಗೆ ಬೇವಿನ ಮರದ ಕೆಳಗೆ ಅರ್ಧ ಊರೇ ಸೇರಿತ್ತು, ಎಲ್ಲರ ಕೆನ್ನೆಯಲ್ಲೂ ಬೀಜ. ಮೇಲಿನಿಂದ ಬಂದ ಅಧಿಕಾರಿ ಕನ್ನಡಕದ ಹೆಂಗಸು, ಸಣ್ಣ ದನಿ. ಕುರ್ಚಿ ತೋರಿಸಿದರು. ನೀರು ಕೊಡಿಸಿದರು. ಕುರ್ಚಿಯ ಬೆನ್ನು ಸರಿಯಾಗಿದೆಯೇ ಎಂದು ತಾವೇ ಅಲುಗಾಡಿಸಿ ನೋಡಿದರು. ಗೋಡೆಗೆ ಒರಗಿ ಎಸ್ಸೈ ಸಾಹೇಬರು ನಿಂತಿದ್ದರು.

“ಮಾರುತಿಗೆ ಹೊಡೆದವರು ನೀವೇನಾ?”

ನಮ್ಮನೆಯವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಉತ್ತರ ಹೇಳದಿರುವ ಹಕ್ಕು ಕೂಡ ಅವರಿಗಿತ್ತು. ಅಧಿಕಾರಿ ಅದನ್ನೂ ಓದಿ ಹೇಳಿದರು. ಇವರು ಲೋಟ ಕೆಳಗಿಟ್ಟರು.

“ಹೌದು ಮೇಡಂ. ನಾನೇ. ಕಪಾಳಕ್ಕೆ ಎರಡು ಬಿಟ್ಟೆ. ಎರಡನೇ ಏಟಿಗೆ ತಲೆ ಗೋಡೆಗೆ ಬಡೀತು.”

ನಾನು ಬೇವಿನ ಬೊಡ್ಡೆ ಹಿಡಿದುಕೊಂಡೆ. ಗೊತ್ತಿದ್ದದ್ದೇ ಕಿವಿಗೆ ಬಿದ್ದಾಗ ಇಷ್ಟು ನೋಯುತ್ತದೆ ಎಂದು ನಾನು ತಿಳಿದಿರಲಿಲ್ಲ.

“ಹೊಡೆಯಲು ಹೇಳಿದವರು ಯಾರು?”

“ಎಸ್ಸೈ ಸಾಹೇಬ್ರು ಹೇಳಿದ್ರು ಮೇಡಂ. ಆದ್ರೆ ಕೈ ನಂದು.”

ಗೋಡೆಯ ಹತ್ತಿರ ಇದ್ದ ಸಾಹೇಬರು ಏನೋ ಹೇಳಲು ಹೊರಟರು. ಅಧಿಕಾರಿ, ಇವರ ಮಾತಿನ ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಅದೂ ನಿಯಮದಲ್ಲಿದೆ ಎಂದರು. ಬರೆದುಕೊಂಡು, ಇವರ ತೋಳಿನ ಹಳದಿ ಪಟ್ಟಿಯನ್ನು ತಾವೇ ಬಿಚ್ಚಿದರು.

ಅವರು ಹೊರಗೆ ಬಂದಾಗ ಜನ ದಾರಿ ಬಿಟ್ಟರು. ಎಲ್ಲರೂ ಬೀಜ ಉಗಿದರು, ಯಾರೂ ಏನೂ ಕೇಳಲಿಲ್ಲ. ದ್ಯಾಮವ್ವ ಮಾತ್ರ ಮುಂದೆ ಬಂದು ಬಾಯಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಶಾಪ ಹಾಕುತ್ತಾಳೆ, ಇಲ್ಲವೇ ಚಪ್ಪಲಿ ತೆಗೆಯುತ್ತಾಳೆ ಎಂದು ನಾನು ಓಡಿಹೋಗಿ ಇವರ ಪಕ್ಕ ನಿಂತೆ. ಆಯಮ್ಮ ಇವರ ಮುಖವನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು.

“ನನ್ ಮಗ ಕೊನೀಗೆ ಏನಂದ? ಮಾತು ನಿಲ್ಲೋಕೆ ಮುಂಚೆ?”

ಠಾಣೆಯ ಕಡೆ ಎಲ್ಲರೂ ಕಿವಿಗೊಟ್ಟರು. ಗಂಟೆ ಹೊಡೆಯಲಿಲ್ಲ. ಇಲ್ಲಿ ಕುರ್ಚಿ ಇರಲಿಲ್ಲ, ನೀರಿನ ಲೋಟ ಇರಲಿಲ್ಲ, ಮೂರು ದಿನ ಮುಂಚೆ ಕೊಟ್ಟ ಪಟ್ಟಿಯಲ್ಲಿ ಈ ಪ್ರಶ್ನೆಯೂ ಇರಲಿಲ್ಲ. ಇವರು ಟೋಪಿ ತೆಗೆದರು. ಬಂದ ದನಿ ನನಗೆ ಪರಿಚಯವೇ ಇಲ್ಲದ್ದು.

“‘ನಮ್ಮವ್ವಂಗೆ ಹೇಳ್ಬ್ಯಾಡ್ರಿ ಸಾರ್, ಉಣ್ಣೋದು ಬಿಡ್ತಾಳೆ’ ಅಂದ.”

ದ್ಯಾಮವ್ವ ತಲೆ ಆಡಿಸಿದಳು. “ಹೌದು,” ಎಂದಳು. “ಬಿಟ್ಟೀನಿ.” ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡು, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿ, ಮನೆಯ ಕಡೆ ಹೊರಟಳು.

ನಾವೂ ಬಂದೆವು. ದಾರಿಯುದ್ದಕ್ಕೂ ನನ್ನ ಬಾಯಲ್ಲಿ ಬೀಜ ಹಾಗೇ ಇತ್ತು. ಉಗಿಯಬಹುದಿತ್ತು, ನೆನಪಾಗಲಿಲ್ಲ. ಇಪ್ಪತ್ತೊಂದು ದಿನ ಕಾದಿಟ್ಟ ಪ್ರಶ್ನೆ ಈಗ ಯಾವ ಕೆಲಸಕ್ಕೂ ಬಾರದು. ಕೆಲಸ ಹೋಗುತ್ತದೆ, ಮನೆ ಖಾಲಿ ಮಾಡಬೇಕು, ಅದೆಲ್ಲ ಗೊತ್ತೇ ಇತ್ತು. ಅವರು ಒಳಗೆ ಬಂದು ಟೋಪಿಯನ್ನು ಗೂಟಕ್ಕೂ ಹಾಕದೆ, ಟಿ.ವಿ. ಮೇಲೂ ಇಡದೆ ಕೈಯಲ್ಲೇ ಹಿಡಿದು ನಿಂತರು. ಕೋಣೆಯಿಂದ ನಮ್ಮತ್ತೆ ಗೋಡೆ ಹಿಡಿದುಕೊಂಡು ಬಂದರು.

“ಊಟ ಆಯ್ತೇನೋ ರುದ್ರಾ?”

ಗಂಟೆ ಸುಮ್ಮನಿತ್ತು. ನಾನು ತಟ್ಟೆ ಹಾಕಿ ಅನ್ನ ಬಡಿಸಿದೆ. ಅವರು ಅದರ ಮುಂದೆ ಕೂತರು. ಸಾರು ಆರಿತು, ಅನ್ನ ಗಟ್ಟಿಯಾಯಿತು, ಅವರ ಕೈ ತಟ್ಟೆಗೆ ಇಳಿಯಲಿಲ್ಲ. ನಮ್ಮತ್ತೆ ಇನ್ನೊಂದು ಸಲ ಕೇಳಿದರು.